ಗೇಣು, ಮೊಳ ಮತ್ತು ಲಂಗದ ಅಂಚು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಹೇಳುವುದು. ಗಂಡಸು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ ಬೀದಿಯಲ್ಲಿ ನಡೆದರೆ ಯಾರಿಗೂ ಆ ಗಾದೆ ನೆನಪಾಗುವುದಿಲ್ಲ. ಹೆಣ್ಣುಮಗಳ ಲಂಗ ಎರಡು ಬೆರಳು ಮೇಲೆ ಹೋದರೆ ಒಬ್ಬರು, ಎರಡು ಬೆರಳು ಕೆಳಗಿಳಿದರೆ ಇನ್ನೊಬ್ಬರು ಮಾತಾಡುತ್ತಾರೆ. ಕುಳ್ಳಗಿರುವವರಿಗೆ ಯಾವ ಉದ್ದ ಒಪ್ಪುತ್ತದೆ, ದಪ್ಪಗಿರುವವರಿಗೆ ಯಾವುದು, ಮದುವೆಮನೆಗೆ ಎಷ್ಟು, ಕಾಲೇಜಿಗೆ ಎಷ್ಟು ಎಂದು ಮಹಿಳಾ ಪತ್ರಿಕೆಗಳು ಪುಟಗಟ್ಟಲೆ ಸಲಹೆ ಕೊಡುತ್ತಾ ಬಂದಿವೆ. ಸಲಹೆಗಳಲ್ಲಿ ತಪ್ಪೇನಿಲ್ಲ. ಆದರೆ ಉದ್ದವನ್ನು ತೊಡುವವಳೇ ಆರಿಸಿಕೊಳ್ಳಬಹುದು ಎಂಬುದು ಎಷ್ಟು ಈಚಿನ ಮಾತು ಎಂದು ಆ ಪುಟಗಳು ಹೇಳುವುದಿಲ್ಲ. ನಮ್ಮ ನಾಡಿನಲ್ಲಿ ಈ ಅಂಚನ್ನು ಮಗ್ಗ ನಿರ್ಧರಿಸಿದೆ, ಗದ್ದೆಯ ಕೆಸರು ನಿರ್ಧರಿಸಿದೆ, ಜಾತಿ ನಿರ್ಧರಿಸಿದೆ, ಶಾಲೆ ನಿರ್ಧರಿಸಿದೆ. ತೊಡುವವಳ ಸರದಿ ಬಂದದ್ದು ಎಲ್ಲರದೂ ಮುಗಿದ ಮೇಲೆ.

ಈ ಕತೆಯನ್ನು ರಾಜಧಾನಿಯ ಫ್ಯಾಷನ್ ಅಂಗಡಿಗಿಂತ ಬೆಳ್ಳಾವಿಯಂಥ ಊರಿನಿಂದ ನೋಡುವುದು ಒಳ್ಳೆಯದು. ಬೆಳ್ಳಾವಿ ತುಮಕೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ, ಹಳೆಯ ಸಂತೆಯೂರು. ಕನ್ನಡ ಓದುಗರಿಗೆ ಈ ಊರಿನ ಹೆಸರು ಕೇಳಿದರೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ನೆನಪಾಗುತ್ತಾರೆ. ನಾಟಕ, ಸಿನಿಮಾ ಬಲ್ಲವರಿಗೆ 1934ರ ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನಾ’ಗೆ ಮಾತು, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಆದರೆ ನಮ್ಮ ವಿಷಯಕ್ಕೆ ಬೇಕಾದವರು ಇಂಥ ಊರುಗಳ ಹೆಸರಿಲ್ಲದ ಇಬ್ಬರು: ಸಂತೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ಕೂರುವವನು, ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ. ಇವರ ಅಳತೆ ಗೇಣು, ಮೊಳ, ಗಜ. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ಗಜ ಹೋಗಿ ಮೀಟರು ಬಂತು. ದರ್ಜಿಯ ಟೇಪಿನಲ್ಲಿ ಮಾತ್ರ ಇಂದಿಗೂ ಇಂಚೇ ಮಾತಾಡುತ್ತದೆ.

ಮೊದಲು ಮಗ್ಗದ ಮಾತು. ಸೀರೆ ಬಟ್ಟೆಯಲ್ಲಿ ಲಂಗ ಹೊಲಿಸಿದವರಿಗೆ ಗೊತ್ತು, ಅಲ್ಲಿ ಬಟ್ಟೆ ಅಡ್ಡಕ್ಕೆ ತಿರುಗುತ್ತದೆ. ಬಟ್ಟೆಯ ಉದ್ದವೆಲ್ಲ ನೆರಿಗೆಯಾಗಿ ಸೊಂಟದ ಸುತ್ತ ಹೋಗುತ್ತದೆ. ಬಟ್ಟೆಯ ಪನ್ನವೇ ಲಂಗದ ಉದ್ದವಾಗುತ್ತದೆ. ಹಾಗೆ ತಿರುಗಿಸಿದರೆ ಮಾತ್ರ ಜರಿಯ ಅಂಚು ಪಾದದ ಸುತ್ತ ಬಂದು ಕೂರುತ್ತದೆ. ಸೀರೆಯ ಪನ್ನ ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಬೆಳೆದ ಹೆಂಗಸಿನ ಸೊಂಟದಿಂದ ಪಾದದ ಗಂಟಿಗೆ ಹೆಚ್ಚೆಂದರೆ 40 ಇಂಚು ಆಗಬಹುದು, ಹತ್ತು ವರ್ಷದ ಹುಡುಗಿಗೆ ಅದಕ್ಕಿಂತ ಬಹಳ ಕಡಿಮೆ. ಉಳಿದದ್ದನ್ನು ಕತ್ತರಿಸಿ ಎಸೆಯುವಷ್ಟು ಸಿರಿತನ ಯಾರಿಗಿತ್ತು? ಅಂಚಿನ ಮೇಲೆ ಅಡ್ಡಡ್ಡಲಾಗಿ ಎರಡು ಮೂರು ಟಕ್ಕು ಹಾಕಿ ಹೊಲಿಯುವರು. ಹುಡುಗಿ ಬೆಳೆದಂತೆ ವರ್ಷಕ್ಕೊಂದು ಟಕ್ಕು ಬಿಚ್ಚುವರು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸಿರುವುದಿಲ್ಲ, ಹೊಸ ಬಟ್ಟೆಯ ಪಟ್ಟೆಯೊಂದು ಎದ್ದು ಕಾಣುತ್ತದೆ. ಹಳೆಯ ಲಂಗವೊಂದನ್ನು ಪೆಟ್ಟಿಗೆಯಿಂದ ತೆಗೆದು ಹರಡಿದರೆ ಅದನ್ನು ಎಷ್ಟು ವರ್ಷ ತೊಟ್ಟಳು, ಯಾವ ವರ್ಷ ಸರ್ರನೆ ಬೆಳೆದಳು ಎಂದು ಆ ಪಟ್ಟೆಗಳಲ್ಲಿ ಎಣಿಸಬಹುದು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಂಥ ನೇಕಾರರ ಊರುಗಳಿರುವ ಜಿಲ್ಲೆ ನಮ್ಮದು. ಇಲ್ಲಿ ಬಟ್ಟೆಯ ಬೆಲೆ ಗೊತ್ತಿದ್ದವರು ಹೆಚ್ಚು, ಬಟ್ಟೆಯನ್ನು ಪೋಲು ಮಾಡುವವರು ಕಡಿಮೆ. ಉತ್ತರ ಕರ್ನಾಟಕದಲ್ಲಿ ಪರಕಾರ ಎನ್ನುವ ಲಂಗಕ್ಕೂ ಇದೇ ಲೆಕ್ಕ.

ಸೀರೆಯ ಲೆಕ್ಕ ಬೇರೆ. ಸೀರೆಗೆ ಹೊಲಿಗೆಯಿಲ್ಲ, ಆದ್ದರಿಂದ ಅದಕ್ಕೆ ಒಂದೇ ಉದ್ದವೂ ಇಲ್ಲ. ಕೆರೆಯ ಹಿಂದಿನ ಗದ್ದೆಯಲ್ಲಿ ನಾಟಿ ಹಾಕುವಾಗ ನೆರಿಗೆ ಎತ್ತಿ ಸಿಕ್ಕಿಸಿದರೆ ಅದು ಮೊಣಕಾಲಿಗೆ ನಿಲ್ಲುತ್ತದೆ. ಸಂತೆಗೆ ಹೊರಟಾಗ ಮೀನಖಂಡದ ಕೆಳಗೆ ಇಳಿಯುತ್ತದೆ. ಜಾತ್ರೆಗೋ ಉರುಸಿಗೋ ಹೋಗುವಾಗ ಪಾದ ಮುಚ್ಚುತ್ತದೆ. ಬಟ್ಟೆ ಒಂದೇ, ಹೆಂಗಸು ಒಬ್ಬಳೇ, ದಿನವೂ ಒಂದೇ ಇರಬಹುದು. ಉದ್ದ ಮಾತ್ರ ಮೂರು. ಸಂದರ್ಭಕ್ಕೆ ತಕ್ಕ ಉದ್ದ ಎಂಬ ವಿದ್ಯೆಯನ್ನು ನಮ್ಮ ಕೂಲಿ ಹೆಂಗಸರಿಗೆ ಯಾವ ಪತ್ರಿಕೆಯೂ ಕಲಿಸಬೇಕಾಗಿರಲಿಲ್ಲ. ಹೊಲಿದ ಬಟ್ಟೆ ಬಂದ ಮೇಲೆ ಉದ್ದ ಒಂದೇ ಕಡೆ ನಿಂತುಬಿಟ್ಟಿತು. ನಿಂತದ್ದನ್ನು ಅಳೆಯುವುದು ಸುಲಭ. ಅಳೆದದ್ದನ್ನು ಹಿಡಿದು ಬಯ್ಯುವುದು ಇನ್ನೂ ಸುಲಭ.

ಎತ್ತಿಕಟ್ಟಿದವರಿಗೆಲ್ಲ ಇಳಿಸುವ ಅನುಮತಿ ಇತ್ತೆಂದು ಮಾತ್ರ ತಿಳಿಯಬಾರದು. ಇಲ್ಲಿ ಕತೆ ಕಹಿಯಾಗುತ್ತದೆ. ತಿರುವಾಂಕೂರಿನಲ್ಲಿ ಕೆಳಜಾತಿಗಳೆನಿಸಿಕೊಂಡವರ ಬಟ್ಟೆ ಸೊಂಟದ ಮೇಲಕ್ಕೆ ಹೋಗಬಾರದು, ಮೊಣಕಾಲಿನ ಕೆಳಕ್ಕೆ ಇಳಿಯಬಾರದು ಎಂಬ ಕಟ್ಟಳೆ ಇತ್ತು. ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದು ಹೋರಾಡಿದರು. 1859ರಲ್ಲಿ ರಾಜಾಜ್ಞೆ ಹೊರಟಿತು. ಅದು ಮುಗಿದ ಕಾಲದ ಕತೆ ಎಂದುಕೊಳ್ಳುವವರು 1930ರ ಡಿಸೆಂಬರಿನಲ್ಲಿ ರಾಮನಾಥಪುರದ ಕಡೆ ಆದಿದ್ರಾವಿಡರ ಮೇಲೆ ಹೇರಿದ ಎಂಟು ನಿಷೇಧಗಳನ್ನು ಓದಬೇಕು. ಚಿನ್ನ ಬೆಳ್ಳಿ ತೊಡಬಾರದು. ಗಂಡಸರ ಬಟ್ಟೆ ಮೊಣಕಾಲು ದಾಟಬಾರದು. ಹೆಂಗಸರು ರವಿಕೆಯಿಂದಾಗಲಿ ದಾವಣಿಯಿಂದಾಗಲಿ ಮೈಯ ಮೇಲ್ಭಾಗ ಮುಚ್ಚಬಾರದು. ನಾವು ಹಬ್ಬದ ದಿನ ಪ್ರೀತಿಯಿಂದ ಮಕ್ಕಳಿಗೆ ತೊಡಿಸುವ ದಾವಣಿ ಅಲ್ಲಿ ಅಪರಾಧಗಳ ಪಟ್ಟಿಯಲ್ಲಿ ಕೂತಿದೆ.

ಇದಕ್ಕೆ ಮೂರು ವರ್ಷ ಮೊದಲು, 1927ರ ಡಿಸೆಂಬರ್ ಕೊನೆಯಲ್ಲಿ, ಮಹಾಡ್ ಸತ್ಯಾಗ್ರಹದ ಸಮಯದಲ್ಲಿ ಡಾ. ಅಂಬೇಡ್ಕರ್ ದಲಿತ ಹೆಂಗಸರ ಸಭೆಯೊಂದರಲ್ಲಿ ಮಾತನಾಡಿದರು. ಅಂದು ಅವರು ಹೇಳಿದ್ದರಲ್ಲಿ ಒಂದು ಭಾಗ ಸೀರೆ ಉಡುವ ರೀತಿಯ ಬಗ್ಗೆ. ಮೊಣಕಾಲಿನವರೆಗೆ ಎತ್ತಿ ಉಡುವ ರೀತಿಯೇ ನಿಮ್ಮನ್ನು ಅಸ್ಪೃಶ್ಯರೆಂದು ಗುರುತಿಸುತ್ತದೆ, ಅದನ್ನು ಬಿಡಿ, ಮೇಲ್ಜಾತಿಯ ಹೆಂಗಸರಂತೆ ಉಡಿ ಎಂಬುದು ಅದರ ಸಾರ. ಕೇಳಿದ ಹೆಂಗಸರು ತಡಮಾಡಲಿಲ್ಲ. ಕಚ್ಚೆಯನ್ನು ಪಾದದವರೆಗೆ ಇಳಿಸಿಕೊಂಡರು. ಮನುಸ್ಮೃತಿಯನ್ನು ಸುಟ್ಟದ್ದು ಎಲ್ಲರಿಗೂ ನೆನಪಿದೆ. ಅದೇ ಜಾಗದಲ್ಲಿ, ಅದೇ ವಾರದಲ್ಲಿ ಒಂದು ಗೇಣು ಬಟ್ಟೆ ಕೆಳಗಿಳಿದದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ನನಗೆ ಎರಡನೆಯದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಉದ್ದನೆಯ ಉಡುಪು ಎಂದರೆ ಹೆಣ್ಣಿನ ಮೇಲಿನ ಬಂಧನ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವ ವಿದ್ಯಾವಂತರಿದ್ದಾರೆ. ಆ ಹೆಂಗಸರಿಗೆ ಅದು ಬಿಡುಗಡೆಯಾಗಿತ್ತು.

ಮುಸ್ಲಿಮರ ನಡುವೆ ಈ ಚರ್ಚೆ ಬಂದಾಗ ಸಾಮಾನ್ಯವಾಗಿ ಸ್ವರ ಏರುತ್ತದೆ, ವಿವರ ಇಳಿಯುತ್ತದೆ. ವಿವರ ಹೀಗಿದೆ. ಏಳನೆಯ ಶತಮಾನದ ಅರಬ್ ಸಮಾಜದಲ್ಲಿ ಉಡುಪನ್ನು ನೆಲದ ಮೇಲೆ ಎಳೆದುಕೊಂಡು ನಡೆಯುವುದು ಸಿರಿವಂತ ಗಂಡಸರ ದೊಡ್ಡಸ್ತಿಕೆಯಾಗಿತ್ತು. ಬಟ್ಟೆ ದುಬಾರಿ, ಅದನ್ನು ಮಣ್ಣಿನಲ್ಲಿ ಎಳೆಯಬಲ್ಲವನು ದೊಡ್ಡವನು. ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದು ಈ ಅಹಂಕಾರವನ್ನು. ನನ್ನ ಬಟ್ಟೆಯ ಒಂದು ಬದಿ ಗಮನ ತಪ್ಪಿದರೆ ಜಾರುತ್ತದಲ್ಲ ಎಂದು ಅಬೂಬಕರ್(ರ) ಆತಂಕಪಟ್ಟಾಗ, ನೀವು ಅದನ್ನು ಅಹಂಕಾರದಿಂದ ಮಾಡುವವರಲ್ಲ ಎಂದು ಅವರು ಸಮಾಧಾನ ಹೇಳಿದರು. ಆಗ ಉಮ್ಮು ಸಲಮಾ(ರ) ಎತ್ತಿದ ಪ್ರಶ್ನೆಯನ್ನು ತಿರ್ಮಿದಿ ಮತ್ತು ನಸಾಈ ಸಂಗ್ರಹಗಳು ದಾಖಲಿಸಿವೆ: ಹಾಗಾದರೆ ಹೆಂಗಸರು ತಮ್ಮ ಅಂಚನ್ನು ಏನು ಮಾಡಬೇಕು? ಒಂದು ಗೇಣು ಇಳಿಸಲಿ ಎಂಬ ಉತ್ತರ ಬಂತು. ಆಗಲೂ ಪಾದ ಕಾಣುತ್ತದಲ್ಲ ಎಂದರು ಅವರು. ಹಾಗಾದರೆ ಒಂದು ಮೊಳ, ಅದಕ್ಕಿಂತ ಹೆಚ್ಚು ಬೇಡ.

ಗೇಣು ಮತ್ತು ಮೊಳ! ನಮ್ಮ ಸಂತೆಯಲ್ಲಿ ಹೂವು ಅಳೆಯುವ ಅಳತೆಗಳೇ. ಎಲ್ಲಿಂದ ಆ ಗೇಣನ್ನು ಎಣಿಸಬೇಕು, ಮೀನಖಂಡದ ನಡುವಿನಿಂದಲೋ ಪಾದದ ಗಂಟಿನಿಂದಲೋ ಎಂದು ವಿದ್ವಾಂಸರು ಆಮೇಲೆ ಬಹಳ ಚರ್ಚಿಸಿದ್ದಾರೆ, ಅದು ಅವರಿಗಿರಲಿ. ಸಾಮಾನ್ಯ ಓದುಗರ ಗಮನಕ್ಕೆ ಬರಬೇಕಾದ್ದು ಎರಡು ಸಂಗತಿ. ಕೇಳಿದವಳು ಹೆಣ್ಣು, ತನ್ನ ಬಟ್ಟೆಯ ಬಗ್ಗೆ ತಾನೇ ಕೇಳಿದಳು, ಮೊದಲ ಉತ್ತರ ಸಾಲದೆಂದು ಮತ್ತೆ ಕೇಳಿದಳು. ಎರಡನೆಯದು, ಉದ್ದಕ್ಕೂ ಒಂದು ಮಿತಿ ಹೇಳಲಾಯಿತು. ಉದ್ದವಾದಷ್ಟೂ ಪುಣ್ಯ ಎಂಬ ಲೆಕ್ಕ ಅಲ್ಲಿಲ್ಲ. ಉದ್ದನೆಯ ಅಂಚು ಕೊಳಕು ದಾರಿಯಲ್ಲಿ ಎಳೆದುಹೋಗುತ್ತದೆ ಎಂಬ ಇನ್ನೊಬ್ಬ ಹೆಣ್ಣಿನ ಕಷ್ಟವೂ ಹದೀಸಿನಲ್ಲಿದೆ. ಮುಂದಿನ ಶುಭ್ರವಾದ ನೆಲ ಅದನ್ನು ಶುದ್ಧಗೊಳಿಸುತ್ತದೆ ಎಂಬುದು ಅದಕ್ಕೆ ಸಿಕ್ಕ ಉತ್ತರ. ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದುಹೋಗುವ ಹೆಣ್ಣುಮಗಳಿಗೆ ಆ ಪ್ರಶ್ನೆ ತನ್ನದೇ ಎನಿಸದಿರದು.

ಈಗ ದರ್ಜಿಯ ಬಳಿಗೆ ಹೋಗೋಣ. ದರ್ಜಿ ಎಂಬ ಮಾತು ಪಾರ್ಸಿಯಿಂದ ಬಂದದ್ದು, ಗಜವೂ ಪೈಜಾಮವೂ ಹಾಗೆಯೇ. ಜೇಬು, ಜುಬ್ಬ, ಕಮೀಜು ಅರಬ್ಬಿಯವು. ಹಾಗೆಂದು ಸೂಜಿ ಹೊರಗಿನದೆಂದು ಹೇಳುವಂತಿಲ್ಲ. ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಇದ್ದರು; ಸಿಂಪಿಗರು, ಭಾವಸಾರರು ತಲೆಮಾರುಗಳಿಂದ ಹೊಲಿಯುತ್ತಾ ಬಂದಿದ್ದಾರೆ. ಮುಸ್ಲಿಮ್ ದರ್ಜಿಗಳು ತಮ್ಮ ಕಸುಬಿನ ಮೂಲಪುರುಷರೆಂದು ಪ್ರವಾದಿ ಇದ್ರೀಸ್(ಅ)ರನ್ನು ನೆನೆಯುತ್ತಾರೆ. ನಮ್ಮ ಕಡೆಯ ಪೇಟೆಗಳಲ್ಲಿ ಇವರೆಲ್ಲ ಒಂದೇ ಸಾಲಿನಲ್ಲಿ ಕೂತು ಒಂದೇ ಊರಿನ ಮೈಗಳನ್ನು ಹೊಲಿದವರು.

ಗಂಡು ದರ್ಜಿ ಹೆಂಗಸಿನ ಅಳತೆ ತೆಗೆಯುವುದು ಹೇಗೆ? ಅದಕ್ಕೆ ಹಳ್ಳಿ ಕಂಡುಕೊಂಡ ದಾರಿ ಅಳತೆ ಬಟ್ಟೆ. ಹಳೆಯ ಲಂಗವೊಂದನ್ನು ಹೊಸ ಬಟ್ಟೆಯ ಜೊತೆ ಕಟ್ಟಿ ತಮ್ಮನ ಕೈಯಲ್ಲಿ ಕಳಿಸುವುದು, ‘ಇದಕ್ಕಿಂತ ಎರಡು ಬೆರಳು ಉದ್ದ’ ಎಂದು ಅಮ್ಮ ಹೇಳಿ ಕಳಿಸುವುದು. ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಹೋದ ವರ್ಷದ ಉದ್ದಕ್ಕೆ ಎರಡು ಬೆರಳು ಕೂಡಿದರೆ ಈ ವರ್ಷದ ಉದ್ದ! ಹೆಂಗಸರೇ ಮನೆಯಲ್ಲಿ ಯಂತ್ರ ಇಟ್ಟುಕೊಂಡು ಹೊಲಿಯತೊಡಗಿದ ಮೇಲೆ ಇದು ಬದಲಾಯಿತು. ಹುಡುಗಿ ಎದುರಿಗೆ ನಿಂತಳು, ಕನ್ನಡಿ ನೋಡಿದಳು, ಇಷ್ಟು ಸಾಕು ಎಂದಳು.

ಒಪ್ಪುವ ಉದ್ದ ಯಾವುದೆಂದು ಒಳ್ಳೆಯ ಹೊಲಿಗೆಯವಳನ್ನು ಕೇಳಿ ನೋಡಿ. ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲಲು ಹೇಳುತ್ತಾಳೆ, ಏಕೆಂದರೆ ಬರಿಗಾಲಿನ ಅಳತೆ ಬೀದಿಯಲ್ಲಿ ಸುಳ್ಳಾಗುತ್ತದೆ. ಅಂಚು ಕಾಲಿನ ದಪ್ಪ ಭಾಗದಲ್ಲಿ, ಮೀನಖಂಡದ ನಡುವೆ, ನಿಂತರೆ ಕಾಲು ಇನ್ನೂ ದಪ್ಪ ಕಾಣುತ್ತದೆ. ಅದರ ಮೇಲೋ ಕೆಳಗೋ, ಕಾಲು ಸಣ್ಣಗಾಗುವ ಕಡೆ ನಿಲ್ಲಿಸಬೇಕು. ಕುಳ್ಳಗಿರುವವರಿಗೆ ಅಗಲ ಅಂಚು, ಅಡ್ಡ ಟಕ್ಕು ಬೇಡ, ಅವು ಎತ್ತರವನ್ನು ತುಂಡು ಮಾಡುತ್ತವೆ. ಪಾದದವರೆಗೆ ಒಂದೇ ಬಣ್ಣ ಇಳಿದರೆ ಇದ್ದುದಕ್ಕಿಂತ ಉದ್ದ ಕಾಣುತ್ತಾರೆ. ಸೊಂಟ ದಪ್ಪವಿದ್ದರೆ ಸೊಂಟದ ಹತ್ತಿರ ನೆರಿಗೆ ತುಂಬಬಾರದು, ಅಂಬ್ರೆಲಾ ಕಟ್ ಹಾಕಿ ಕೆಳಗೆ ಅರಳಿಸಬೇಕು. ತೆಳ್ಳಗಿನ ಉದ್ದ ಹುಡುಗಿಗೆ ನೆರಿಗೆಯೇ ಚೆಂದ. ಕೂತರೆ ಅಂಚು ಒಂದು ಗೇಣಿನಷ್ಟು ಮೇಲೇರುತ್ತದೆ, ಆದ್ದರಿಂದ ಕೂತು ನೋಡದೆ ಉದ್ದ ನಿಶ್ಚಯಿಸಬಾರದು. ನೆಲದ ಮೇಲೆ ಕೂತು ಉಣ್ಣುವ ಮದುವೆಮನೆಗೆ, ನಮಾಝಿಗೆ ಬಾಗಿ ಏಳುವವರಿಗೆ ಇದು ಮುಖ್ಯ. ಮೆಟ್ಟಿಲು ಹತ್ತುವ ಕೆಲಸದವರಿಗೆ, ಬುರ್ಖಾ ಹೊಲಿಸುವವರಿಗೆ ನೆಲದಿಂದ ಎರಡು ಬೆರಳು ಮೇಲೆ. ಇಷ್ಟೂ ಮಾತಿನಲ್ಲಿ ಯಾರು ಏನೆನ್ನುತ್ತಾರೆ ಎಂಬುದು ಒಮ್ಮೆಯೂ ಬರುವುದಿಲ್ಲ. ಮೈ, ನಡಿಗೆ, ಕೂರುವ ರೀತಿ, ಅಷ್ಟೇ.

ಮೊಣಕಾಲಿನ ಸ್ಕರ್ಟ್ ನಮ್ಮಲ್ಲಿಗೆ ಬಂದದ್ದು ಬೆಂಗಳೂರು ದಂಡು, ಕೋಲಾರದ ಚಿನ್ನದ ಗಣಿ, ಆಂಗ್ಲೋ-ಇಂಡಿಯನ್ನರ ವೈಟ್‌ಫೀಲ್ಡ್, ಕಾನ್ವೆಂಟ್ ಶಾಲೆ ಇವುಗಳ ದಾರಿಯಲ್ಲಿ. ಕನ್ನಡಿಗರು ಅದನ್ನು ಲಂಗ ಎನ್ನಲಿಲ್ಲ. ವಸ್ತು ಒಂದೇ ಆದರೂ ಉದ್ದ ಬೇರೆಯಾದಾಗ ಭಾಷೆಯೇ ಬೇರೆ ಹೆಸರು ಕೊಟ್ಟಿತು. 1972ರ ‘ನಾಗರಹಾವು’ ಚಿತ್ರದ ಅಲಮೇಲು ಮತ್ತು ಮಾರ್ಗರೇಟ್ ಇಬ್ಬರನ್ನೂ ನೆನೆಸಿಕೊಂಡರೆ ಸಾಕು, ಯಾವ ಉಡುಪು ‘ನಮ್ಮದು’, ಯಾವುದು ‘ಅವರದು’ ಎಂದು ಆ ಕಾಲದ ಪ್ರೇಕ್ಷಕನಿಗೆ ಯಾರೂ ವಿವರಿಸಬೇಕಿರಲಿಲ್ಲ. ವಿಚಿತ್ರವೆಂದರೆ ಆ ‘ಅವರ’ ಅಜ್ಜಿಯರೂ ಒಂದು ಕಾಲಕ್ಕೆ ನೆಲ ಗುಡಿಸುವ ಲಂಗವನ್ನೇ ತೊಟ್ಟವರು. ಎರಡನೆಯ ಮಹಾಯುದ್ಧದಲ್ಲಿ ಬಟ್ಟೆಯ ಅಭಾವವಾಗಿ 1942ರಲ್ಲಿ ಬ್ರಿಟಿಷ್ ಸರ್ಕಾರ ನೆರಿಗೆಗಳ ಸಂಖ್ಯೆಗೂ ಮಿತಿ ಹಾಕಿತು. ಇಲ್ಲಿ 1943ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣ ಆಜ್ಞೆ ಬಂತು. ಯುದ್ಧ ಮುಗಿದು 1947ರಲ್ಲಿ ಪ್ಯಾರಿಸಿನ ಕ್ರಿಶ್ಚಿಯನ್ ಡಿಯೋರ್ ಮತ್ತೆ ಉದ್ದನೆಯ, ಹತ್ತಾರು ಗಜದ ಲಂಗ ಹೊರತಂದಾಗ ಅಮೆರಿಕದ ಹೆಂಗಸರು ಸಂಘ ಕಟ್ಟಿ ಪ್ರತಿಭಟಿಸಿದರು. ಅರವತ್ತರ ದಶಕದಲ್ಲಿ ಲಂಡನ್ನಿನ ಮೇರಿ ಕ್ವಾಂಟ್ ಮಿನಿಯನ್ನು ಮನೆಮಾತಾಗಿಸಿದರು.

ನಮ್ಮ ಹಳ್ಳಿಗಳಲ್ಲಿ ಅಂಚು ಇಳಿಯುವುದಕ್ಕೆ ಬೇರೆಯೇ ಅರ್ಥವಿತ್ತು. ಚಿಕ್ಕವಳಿಗೆ ಫ್ರಾಕು ಅಥವಾ ಲಂಗ-ರವಿಕೆ, ದೊಡ್ಡವಳಾದಳೆಂದರೆ ದಾವಣಿ, ಮದುವೆಯಾದರೆ ಸೀರೆ. ದಾವಣಿ ಬಂದ ದಿನವೇ ಎಷ್ಟೋ ಹುಡುಗಿಯರ ಶಾಲೆ ಮುಗಿಯಿತು, ಎಲ್ಲ ಜಾತಿಯಲ್ಲೂ, ಎಲ್ಲ ಮತದಲ್ಲೂ. ಶಾಲೆ ಮುಂದುವರಿದವರಿಗೆ ಸೈಕಲ್ಲಿನ ಸರಪಳಿಗೆ ಲಂಗದ ಅಂಚು ಸಿಕ್ಕಿಕೊಳ್ಳುವ ಕಾಟ. ಬೈಕಿನ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚಬೇಕು, ಹಿಂದೆ ಕೂತವರ ಬಟ್ಟೆ ಸಿಕ್ಕಬಾರದು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದೆ. ಸೀರೆಯ ಅಂಚಿನ ಬಗ್ಗೆ ಕರುಣೆ ತೋರಿದ ಅಪರೂಪದ ಕಾನೂನು ಇದು. ಚೂಡಿದಾರ್ ಬಂದದ್ದೇ ಬಂತು, ಎರಡು ದಶಕದೊಳಗೆ ಹಳ್ಳಿಯ ದಾವಣಿಯನ್ನು ಹಬ್ಬದ ಪೆಟ್ಟಿಗೆಗೆ ಸೇರಿಸಿತು. ಮೈ ಮುಚ್ಚಬೇಕೆಂಬ ಮನೆಯವರಿಗೂ ಒಪ್ಪಿಗೆ, ಸೈಕಲ್ ತುಳಿಯುವ ಹುಡುಗಿಗೂ ಒಪ್ಪಿಗೆ. ಸರ್ಕಾರಿ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಸಮವಸ್ತ್ರವಾಗಿ ಅದು ಬಂತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಶುರುವಾದಾಗ ತುಳಿಯಲು ಯೋಗ್ಯ ಉಡುಪು ಆಗಲೇ ಮೈಮೇಲಿತ್ತು.

ಆದರೆ ಟೇಪನ್ನು ಹುಡುಗಿಯ ಕೈಗೆ ಕೊಡುವುದು ಯಾರಿಗೂ ಅಷ್ಟು ಇಷ್ಟವಿಲ್ಲ. ಮಲಾವಿ ದೇಶದಲ್ಲಿ ಸರ್ವಾಧಿಕಾರಿ ಬಾಂಡಾ 1973ರ ಕಾನೂನಿನಿಂದ ಮೊಣಕಾಲು ಕಾಣುವ ಸ್ಕರ್ಟನ್ನೂ ಹೆಂಗಸರ ಪ್ಯಾಂಟನ್ನೂ ಅಪರಾಧ ಮಾಡಿದ. ಫ್ರಾನ್ಸಿನ ಶಾರ್ಲ್‌ವಿಲ್-ಮೇಝಿಯೇರ್ ಪಟ್ಟಣದಲ್ಲಿ 2015ರ ಏಪ್ರಿಲಿನಲ್ಲಿ ಹದಿನೈದರ ಮುಸ್ಲಿಮ್ ಹುಡುಗಿಯೊಬ್ಬಳನ್ನು ಶಾಲೆಯಿಂದ ಮನೆಗೆ ಕಳಿಸಿದ ಸುದ್ದಿ ಜಗತ್ತೆಲ್ಲ ಹರಡಿತು. ತಲೆವಸ್ತ್ರವನ್ನು ಅವಳು ಗೇಟಿನಲ್ಲೇ ತೆಗೆದಿದ್ದಳು. ಅವಳ ಕಪ್ಪು ಲಂಗ ತೀರಾ ಉದ್ದವಾಯಿತು ಎಂಬುದು ದೂರು. ಅದೇ ಅಂಗಡಿಯಲ್ಲಿ ಅದೇ ಲಂಗ ಕೊಂಡ ಬೇರೆ ಮತದ ಹುಡುಗಿಗೆ ಅದು ಬರಿಯ ಫ್ಯಾಷನ್. ಒಂದು ಕಡೆ ಗಿಡ್ಡವಾದದ್ದು ತಪ್ಪು, ಇನ್ನೊಂದು ಕಡೆ ಉದ್ದವಾದದ್ದು ತಪ್ಪು. ಎರಡು ಕಡೆಯೂ ಅಳೆದವರು ಬೇರೆಯವರು.

ಕರ್ನಾಟಕದಲ್ಲಿ 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶದ ಸುತ್ತ ಎದ್ದದ್ದು ಲಂಗದ ಪ್ರಶ್ನೆಯಲ್ಲ, ತಲೆವಸ್ತ್ರದ್ದು. ಆದರೂ ಕಾಲೇಜಿನ ಗೇಟಿನ ಎದುರು ನಿಂತ ಹುಡುಗಿಯರನ್ನು ಟೀವಿಯಲ್ಲಿ ನೋಡಿದಾಗ ನನಗೆ ಆ ಹಳೆಯ ಟೇಪೇ ನೆನಪಾಯಿತು. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು: ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟನ್ನು ಒಪ್ಪಿದರು, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಹೆಣ್ಣುಮಗುವಿನ ಓದಿನ ಪ್ರಶ್ನೆಯನ್ನೇ ಮುಂದಿಟ್ಟು ಒಪ್ಪಲಿಲ್ಲ. ಈ ನಡುವೆ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರಿಗೆ ಆ ವರ್ಷ ತಿರುಗಿ ಬರಲಿಲ್ಲ. ಹಿಂದೆ ದಾವಣಿ ಬಂದ ದಿನ ಶಾಲೆ ಬಿಡಿಸಿದವರು ಮನೆಯವರು. ಇಲ್ಲಿ ಮನೆಯವರು ಕಳಿಸಿದ್ದರು.

ಇವತ್ತು ತುಮಕೂರಿನ 'ಮಾಲು'ಗಳಲ್ಲೂ ಹಳ್ಳಿಯ ಸಂತೆಗಳಲ್ಲೂ ಸಿದ್ಧ ಉಡುಪಿನ ಉದ್ದ ಸ್ಕರ್ಟುಗಳು ತೂಗಾಡುತ್ತವೆ. ಅವುಗಳಲ್ಲಿ ಸೊಂಟದ ಅಳತೆ ನಾಲ್ಕೈದು ಬಗೆ, ಉದ್ದ ಹೆಚ್ಚು ಕಡಿಮೆ ಒಂದೇ. ಯಾರದೋ ಎತ್ತರಕ್ಕೆ ಎಲ್ಲೋ ಕತ್ತರಿಸಿದ್ದು. ಆದ್ದರಿಂದ ಹೊಲಿಗೆಯವಳಿಗೆ ಹೊಸ ಲಂಗದ ಕೆಲಸ ಕಡಿಮೆಯಾಗಿದ್ದರೂ ಆಲ್ಟರೇಷನ್ ಕೆಲಸ ತಪ್ಪಿಲ್ಲ. ಕುಳ್ಳಗಿನ ಹುಡುಗಿ ಬಂದು ಮೂರು ಇಂಚು ಮಡಿಸಿಕೊಡಿ ಎನ್ನುತ್ತಾಳೆ. ಉದ್ದ ಹುಡುಗಿ ಕೆಳಗೆ ಬೇರೆ ಬಣ್ಣದ ಪಟ್ಟಿ ಕೂಡಿಸಿಕೊಡಿ ಎನ್ನುತ್ತಾಳೆ. ಮಡಿಸಿದ್ದನ್ನು ಕತ್ತರಿಸಲೋ ಒಳಗೇ ಬಿಡಲೋ ಎಂದು ಹೊಲಿಗೆಯವಳು ಕೇಳಿದರೆ, ಬಿಡಿ ಅಕ್ಕಾ, ತಂಗಿಗೂ ಆಗುತ್ತೆ ಎಂಬ ಉತ್ತರವೇ ಹೆಚ್ಚು.